1982ರ ಕ್ಯಾಲ್–ಸ್ಟ್ಯಾನ್‌ಫರ್ಡ್ ಫುಟ್‌ಬಾಲ್ ಪಂದ್ಯದ ಲೇಖನ: ಪ್ರಯೋಗಪುಟದಿಂದ ಎತ್ತೋ ಮುಂಚೆ ಒಂದ್ಸಲ ಓದಿ ಹೇಳಿ

ಬೇ ಏರಿಯಾ ಕನ್ನಡತಿ:
ಎಲ್ರಿಗೂ ನಮಸ್ಕಾರ. ಕನ್ನಡ ವಿಕಿಪೀಡಿಯಕ್ಕೆ ಅಂತ ಒಂದು ಲೇಖನ ಬರೀತಾ ಇದೀನಿ. 1982ರ ನವೆಂಬರ್ 20ರಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ಮೆಮೋರಿಯಲ್ ಸ್ಟೇಡಿಯಂನಲ್ಲಿ ನಡೆದ ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ)–ಸ್ಟ್ಯಾನ್‌ಫರ್ಡ್ ಕಾಲೇಜ್ ಫುಟ್‌ಬಾಲ್ ಪಂದ್ಯ ಅದರ ವಿಷಯ. ಇಲ್ಲಿ 'ದಿ ಪ್ಲೇ' ಅಂದ್ರೆ ಸಾಕು, ಫುಟ್‌ಬಾಲ್ ನೋಡೋ ಯಾರಿಗಾದ್ರೂ ಗೊತ್ತಾಗತ್ತೆ. ನಾಲ್ಕೇ ಸೆಕೆಂಡ್ ಉಳಿದಿತ್ತು, ಸ್ಟ್ಯಾನ್‌ಫರ್ಡ್ 20-19ರಲ್ಲಿ ಮುಂದಿತ್ತು, ಕಿಕ್‌ಆಫ್ (ಅಂಕ ಗಳಿಸಿದ ತಂಡ ಎದುರಾಳಿ ಕಡೆಗೆ ಒದೆಯೋ ಬಾಲ್) ಹಿಡಿದ ಕ್ಯಾಲ್ ಹುಡುಗ್ರು ಐದು ಸಲ ಒಬ್ಬರಿಂದೊಬ್ಬರಿಗೆ ಬಾಲ್ ದಾಟಿಸಿ, ಆಟ ಮುಗೀತು ಅಂತ ಮೈದಾನದೊಳಗೆ ಬಂದುಬಿಟ್ಟಿದ್ದ ಸ್ಟ್ಯಾನ್‌ಫರ್ಡ್ ಬ್ಯಾಂಡ್ ಮಧ್ಯೆನೇ ಓಡಿ ಟಚ್‌ಡೌನ್ ಮಾಡಿ (ಅಂದ್ರೆ ಬಾಲನ್ನ ಎದುರಾಳಿಯ ಗೋಲಿನ ಗೆರೆ ದಾಟಿಸಿ) 25-20ರಲ್ಲಿ ಗೆದ್ದುಬಿಟ್ರು.

ನನ್ನ ಪ್ರಯೋಗಪುಟದಲ್ಲಿ (ಪ್ರಕಟಿಸೋ ಮುಂಚೆ ಬರೆದಿಡೋ ಪುಟ) ಕರಡು ಮುಗಿದಿದೆ, ಆದ್ರೆ ನನಗೆ ಸಮಾಧಾನ ಇಲ್ಲ. ಅಮೆರಿಕನ್ ಫುಟ್‌ಬಾಲ್ ಒಂದ್ಸಲನೂ ನೋಡದವರಿಗೆ ಅರ್ಥ ಆಗತ್ತಾ, ವಿವಾದದ ಭಾಗ ಯಾವ ಕಡೆನೂ ವಾಲದೆ ಇದೆಯಾ, ಇವೆರಡನ್ನ ಮುಖ್ಯವಾಗಿ ನೋಡಿ. ಸಂಕೋಚ ಬೇಡ, ಇದನ್ನ ಒಳ್ಳೇ ಲೇಖನ ಮಾಡಬೇಕು ಅಂತ ನಿಜವಾಗ್ಲೂ ಆಸೆ ಇದೆ.

ಸಾಗರದ ಮೇಷ್ಟ್ರು:
ತಂಗೀ, ಪೂರ್ತಿ ಓದಿದೆ. ನಾನು ಈ ಆಟ ನೋಡಿದವನಲ್ಲ, ಹಾಗಾಗಿ ನೀನು ಹುಡುಕ್ತಿರೋ ಓದುಗ ನಾನೇ ಅಂತ ಇಟ್ಕೋ. ಮೊದಲ ಪ್ಯಾರಾ ಚೆನ್ನಾಗಿದೆ. ಆದ್ರೆ ಕೊನೇ ಓಟದ ವಿವರಕ್ಕೆ ಬಂದಾಗ ಒಂದು ಕಡೆ ಸಿಕ್ಕಿಹಾಕ್ಕೊಂಡೆ. ಗಡಿಯಾರದಲ್ಲಿ ಸಮಯ ಸೊನ್ನೆ ಆಯ್ತು ಅಂತ ಬರ್ದಿದೀಯ, ಮುಂದಿನ ವಾಕ್ಯದಲ್ಲಿ ಆಟಗಾರರು ಇನ್ನೂ ಓಡ್ತಾ ಇದಾರೆ. ಸಮಯ ಮುಗಿದ ಮೇಲೆ ಹೇಗೆ ಓಡಿದ್ರು? ಎರಡನೇದು, ಬಾಲ್ ಹಿಡ್ಕೊಂಡವನು ಇನ್ನೊಬ್ಬನಿಗೆ ಎಸೆಯೋದು ಯಾವಾಗ ಸರಿ, ಯಾವಾಗ ತಪ್ಪು? ಮೂರನೇದು, ಬಾಲ್ ಹಿಡಿದಿದ್ದ ಕ್ಯಾಲ್ ಆಟಗಾರ ಗಾರ್ನರ್ ಮೊಣಕಾಲು ನೆಲಕ್ಕೆ ತಾಗಿತ್ತೋ ಇಲ್ಲವೋ ಅಂತ ಅಷ್ಟು ಜಗಳ ಯಾಕೆ, ತಾಗಿದ್ರೆ ಏನಾಗ್ತಿತ್ತು? ಇದು ಮೂರೂ ಗೊತ್ತಿಲ್ಲದೆ ವಿವಾದದ ಭಾಗ ಓದಿದ್ರೆ ಏನೂ ಹತ್ತೋದಿಲ್ಲ.

ಬೇ ಏರಿಯಾ ಕನ್ನಡತಿ:
ಮೇಷ್ಟ್ರೇ, ಇಂಥದ್ದೇ ಬೇಕಿತ್ತು ನನಗೆ. ನಿಯಮ ಇಷ್ಟೇ. ಗಡಿಯಾರ ಸೊನ್ನೆಗೆ ಬಂದ್ರೂ ನಡೀತಿರೋ ಆಟ ನಿಲ್ಲಲ್ಲ, ಬಾಲ್ ಡೆಡ್ ಆಗೋವರೆಗೂ ಮುಂದುವರಿಯತ್ತೆ, ಕ್ರಿಕೆಟ್ಟಲ್ಲಿ ಕೊನೇ ಬಾಲ್‌ಗೆ ಓವರ್‌ಥ್ರೋ ಆದ್ರೆ ಇನ್ನೂ ರನ್ ಓಡ್ತಾರಲ್ಲ ಹಾಗೆ. ಹಿಂದಕ್ಕೆ ಅಥವಾ ಅಡ್ಡಕ್ಕೆ ಎಸೆಯೋದನ್ನ ಲ್ಯಾಟರಲ್ ಅಂತಾರೆ, ಅದನ್ನ ಎಷ್ಟು ಸಲ ಬೇಕಾದ್ರೂ ಮಾಡಬಹುದು. ಕಿಕ್‌ಆಫ್ ಹಿಡಿದು ಓಡುವಾಗ ಮುಂದಕ್ಕೆ ಎಸೆಯೋ ಹಾಗಿಲ್ಲ. ಇನ್ನು ಕಾಲೇಜ್ ಫುಟ್‌ಬಾಲಲ್ಲಿ ಬಾಲ್ ಇರೋ ಆಟಗಾರನ ಅಂಗೈ, ಪಾದ ಬಿಟ್ಟು ದೇಹದ ಬೇರೆ ಯಾವ ಭಾಗ ನೆಲಕ್ಕೆ ತಾಗಿದ್ರೂ ಅವನು 'ಡೌನ್', ಆಟ ಅಲ್ಲಿಗೇ ನಿಂತ್ಹೋಗತ್ತೆ. ಅಂದ್ರೆ ಗಾರ್ನರ್ ಮೊಣಕಾಲು ತಾಗಿದ್ರೆ ಪಂದ್ಯ ಅಲ್ಲೇ ಮುಗೀತಿತ್ತು, ಸ್ಟ್ಯಾನ್‌ಫರ್ಡ್ ಗೆಲ್ತಿತ್ತು.

ಸಾಗರದ ಮೇಷ್ಟ್ರು:
ನೋಡು, ಈಗ ಹೇಳಿದ್ದನ್ನ ಹಾಗೇ ಎತ್ತಿ ಕೊನೇ ಓಟದ ವಿವರದ ಮುಂಚೆ ಇಡು. ಕೆಳಗೆ ಟಿಪ್ಪಣಿಯಲ್ಲಿ ಹಾಕ್ಬೇಡ, ಟಿಪ್ಪಣಿ ಯಾರೂ ಓದಲ್ಲ. ಕ್ರಿಕೆಟ್ ಮಾತು ಮಾತ್ರ ನಮ್ಮ ಚರ್ಚೆಯಲ್ಲೇ ಇರ್ಲಿ, ಲೇಖನದೊಳಗೆ ಬೇಡ.

ಹಳೇ ಸಂಪಾದಕ:
ಮೇಷ್ಟ್ರ ಮಾತಿಗೆ ನನ್ನದೂ ಸಹಮತ. ನಾನು ವಿಕಿ ಕಡೆಯಿಂದ ನೋಡಿದೆ, ಸ್ವಲ್ಪ ಉದ್ದ ಬರೀತೀನಿ.

ಪೀಠಿಕೆಯಲ್ಲಿ "ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲೇ ಅತ್ಯಂತ ರೋಮಾಂಚಕಾರಿ ಅಂತ್ಯ" ಅಂತ ನಮ್ಮ ದನಿಯಲ್ಲೇ ಬಂದಿದೆ. ವಿಶ್ವಕೋಶ ಹಾಗೆ ಹೇಳೋ ಹಾಗಿಲ್ಲ. ಆ ಮಾತು ನಿಜವಾಗಿ ಹೇಳಿದ್ದು ಕೆಜಿಒ ರೇಡಿಯೋದಲ್ಲಿ ಕ್ಯಾಲ್ ಪರವಾಗಿ ವೀಕ್ಷಕ ವಿವರಣೆ ಕೊಡ್ತಿದ್ದ ಜೋ ಸ್ಟಾರ್ಕಿ, ಗಂಟಲು ಹರಿಯೋ ಹಾಗೆ ಕೂಗ್ತಾ. ಅವರ ಬಾಯಲ್ಲಿ ಹಾಕಿ, ಅವರು ಯಾರ ಕಡೆಯವರು ಅನ್ನೋದನ್ನೂ ಅದೇ ವಾಕ್ಯದಲ್ಲಿ ಹೇಳಿ. ಆಗ ಅದು ಅಭಿಪ್ರಾಯ ಅಂತ ಓದುಗರಿಗೆ ತಾನೇ ತಿಳಿಯತ್ತೆ, ನಾವು ಏನೂ ಸೇರಿಸಬೇಕಾಗಿಲ್ಲ.

ಆಮೇಲೆ ಪಂದ್ಯದ ಮೊದಲರ್ಧ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಲೇಖನದ ಹೆಸರು ಒಂದು ಓಟದ್ದೇ ಆದ್ರೂ ಅದಕ್ಕಿಂತ ಮುಂಚೆ ಪೂರಾ ಒಂದು ಪಂದ್ಯ ನಡೆದಿದೆ. ವಿರಾಮಕ್ಕೆ ಕ್ಯಾಲ್ 10-0 ಮುಂದಿತ್ತು, ಆಮೇಲೆ ಸ್ಟ್ಯಾನ್‌ಫರ್ಡ್ 14-10 ಮಾಡಿತು, ಮತ್ತೆ ಕ್ಯಾಲ್ ಮೇಲೆ ಬಂತು. ಇದನ್ನ ಒಂದೇ ಪ್ಯಾರಾದಲ್ಲಿ ಮುಗಿಸಿ, ಹೆಚ್ಚು ಬೇಡ, ಆದ್ರೆ ಇರ್ಲೇಬೇಕು.

ಹುಬ್ಬಳ್ಳಿ ಮಂದಿ:
ನಾನೂ ಓದಿದೆ ರೀ ಅಕ್ಕಾರ, ಭಾಳ ಕಷ್ಟಪಟ್ಟು ಬರದೀರಿ ಅದು ಕಾಣಸ್ತೈತಿ. ಆದ್ರ ನೇರ ಹೇಳ್ತೇನಿ, ಇದು ಕ್ಯಾಲ್ ಮಂದಿ ಬರದ ಲೇಖನ ಇದ್ದಂಗ ಐತಿ. ನಮ್ಮ ಅಣ್ಣನ ಮಗ ಸ್ಟ್ಯಾನ್‌ಫರ್ಡ್‌ನ್ಯಾಗ ಓದ್ಯಾನ, ಹಿಂಗಾಗಿ ನಾ ಈ ಪಂದ್ಯದ ಬಗ್ಗೆ ಇನ್ನೊಂದು ಕಡಿಂದ ಕೇಳಕೋತ ಬಂದೀನಿ. ಸ್ಟಾರ್ಕಿ ಕೂಗಿದ್ದಕ್ಕ ಮೂರು ಪ್ಯಾರಾ ಕೊಟ್ಟೀರಿ, ಸ್ಟ್ಯಾನ್‌ಫರ್ಡ್ ಕ್ವಾರ್ಟರ್‌ಬ್ಯಾಕ್ (ಪಾಸ್ ಹಾಕಿ ತಂಡದ ದಾಳಿ ನಡಸಾಂವ) ಜಾನ್ ಎಲ್ವೇಗ ಒಂದ ಸಾಲು. ಅಂವ ಆ ದಿನ ಏನ್ ಮಾಡಿದ್ದ ಅನ್ನೋದು ಎಲ್ಲಿ ಐತಿ? 19-17 ಹಿಂದ ಇದ್ರು, ನಾಲ್ಕನೇ ಡೌನು (ಬಾಲ್ ಉಳಿಸ್ಕೊಳ್ಳಾಕ ಇರೋ ನಾಲ್ಕು ಯತ್ನದಾಗ ಕೊನೀದು), 17 ಗಜ ಬೇಕು, ನಿಂತದ್ದು ತಮ್ಮದ 13 ಗಜದ ಗೆರಿ ಹತ್ರ. ಅಲ್ಲಿಂದ ಎಮಿಲ್ ಹ್ಯಾರಿಗೆ 29 ಗಜದ ಪಾಸ್ ಹಾಕಿದ. ಆ ಪಾಸ್ ಇಲ್ಲಂದ್ರ ಪಂದ್ಯ ಅಲ್ಲೇ ಮುಗೀತಿತ್ತು, ನೀವು ಬರ್ಯಾಕ ಈ ಲೇಖನನ ಇರ್ತಿರ್ಲಿಲ್ಲ. ಅಲ್ಲಿಂದ ತಂಡಾನ ಮುಂದ ತಂದ, ಮಾರ್ಕ್ ಹಾರ್ಮನ್ 35 ಗಜದಿಂದ ಫೀಲ್ಡ್ ಗೋಲ್ (ಬಾಲ್ ಒದ್ದು ಗೋಲ್ ಕಂಬದ ನಡುವ ದಾಟಿಸಿದ್ರ ಮೂರು ಅಂಕ) ಹೊಡದ, 20-19 ಆತು. ಎಲ್ವೇನ ಕೊನೀ ಕಾಲೇಜ್ ಪಂದ್ಯ ರೀ ಅದು. ಸ್ಟ್ಯಾನ್‌ಫರ್ಡ್ 5 ಗೆದ್ದು 5 ಸೋತಿತ್ತು, ಇದೊಂದು ಗೆದ್ದಿದ್ರ ಬೌಲ್ ಪಂದ್ಯಕ್ಕ (ಸೀಸನ್ ಮುಗದಮ್ಯಾಲ ಛಲೋ ತಂಡಗಳಿಗೆ ಇರೋ ವಿಶೇಷ ಪಂದ್ಯ) ಕರೀತಿದ್ರು. ಸೋತ್ರು, ಎಲ್ವೇ ಒಂದೂ ಬೌಲ್ ಆಡದ ಕಾಲೇಜ್ ಮುಗಿಸಿದ. ಇದನ್ನ ಬಿಟ್ಟು ಬರೆದ್ರ ಅರ್ಧಾ ಕಥಿ ಅಷ್ಟ.

ಬೇ ಏರಿಯಾ ಕನ್ನಡತಿ:
ನೀವು ಹೇಳಿದ್ದು ಒಪ್ದೆ ಅಣ್ಣ. ಎಲ್ವೇ ಡ್ರೈವ್‌ಗೆ (ತಂಡನ ಮುಂದೆ ತಂದ ಆ ಆಟಗಳ ಸರಣಿಗೆ) ಪೂರ್ತಿ ಒಂದು ಪ್ಯಾರಾ ಕೊಡ್ತೀನಿ, ಸ್ಟಾರ್ಕಿ ಭಾಗ ಒಂದಕ್ಕೆ ಇಳಿಸ್ತೀನಿ. ಅವರು ಆಮೇಲೆ ಡೆನ್ವರ್ ಬ್ರಾಂಕೋಸ್ ಅನ್ನೋ ವೃತ್ತಿಪರ ತಂಡಕ್ಕೆ ಹೋಗಿ ಎರಡು ಸೂಪರ್ ಬೌಲ್ ಗೆದ್ದಿದ್ದು ಒಂದೇ ವಾಕ್ಯದಲ್ಲಿ ಸಾಕು ಅನ್ಸತ್ತೆ, ಅದು ಈ ಪಂದ್ಯದ ವಿಷಯ ಅಲ್ಲ.

ಆದ್ರೆ ಆ ಡ್ರೈವ್ ಬರೆಯೋದಾದ್ರೆ ಟೈಮ್‌ಔಟ್ (ತಂಡ ಕೇಳಿ ಗಡಿಯಾರ ನಿಲ್ಲಿಸೋದು) ಕೂಡ ಬರ್ಲೇಬೇಕು. ಸ್ಟ್ಯಾನ್‌ಫರ್ಡ್ ಟೈಮ್‌ಔಟ್ ತಗೊಂಡಿದ್ದು 8 ಸೆಕೆಂಡ್ ಉಳಿದಾಗ. ಫೀಲ್ಡ್ ಗೋಲ್ ಮುಗಿದಾಗ 4 ಸೆಕೆಂಡ್ ಉಳೀತು, ಆ ನಾಲ್ಕು ಸೆಕೆಂಡಿಗೋಸ್ಕರ ಕಿಕ್‌ಆಫ್ ಮಾಡ್ಬೇಕಾಯ್ತು. ಇನ್ನೊಂದು ನಾಲ್ಕು ಸೆಕೆಂಡ್ ಗಡಿಯಾರ ಓಡೋಕೆ ಬಿಟ್ಟಿದ್ರೆ ಫೀಲ್ಡ್ ಗೋಲೇ ಪಂದ್ಯದ ಕೊನೇ ಆಟ ಆಗ್ತಿತ್ತು. ನನಗೆ ಇಡೀ ಪಂದ್ಯದಲ್ಲಿ ಅತೀ ದೊಡ್ಡ ತಿರುವು ಅಂತ ಕಾಣೋದು ಇದೇ, ಐದು ಲ್ಯಾಟರಲ್‌ಗಿಂತಲೂ.

ಹಳೇ ಸಂಪಾದಕ:
"ಬಿಟ್ಟಿದ್ರೆ ಹೀಗಾಗ್ತಿತ್ತು" ಅನ್ನೋದನ್ನ ಮಾತ್ರ ನಾವಾಗಿ ಬರೆಯೋದು ಬೇಡ. 8 ಸೆಕೆಂಡಲ್ಲಿ ಟೈಮ್‌ಔಟ್, 4 ಸೆಕೆಂಡ್ ಉಳೀತು, ಕಿಕ್‌ಆಫ್ ಅನಿವಾರ್ಯ ಆಯ್ತು, ಇಷ್ಟು ಸಾಲಾಗಿ ಇಟ್ರೆ ಓದುಗರು ತಾವೇ ಸೇರಿಸ್ಕೋತಾರೆ.

ಇದೇ ಜಾಗದಲ್ಲಿ ದಂಡದ ವಿಷಯ ಬರಬೇಕು, ಈಗ ಅದು ಲೇಖನದ ಕೊನೇಲಿ 'ಇತರ ಮಾಹಿತಿ' ಅಂತ ಬಿದ್ದಿದೆ. ಫೀಲ್ಡ್ ಗೋಲ್ ಆದ ಖುಷಿಗೆ ಸ್ಟ್ಯಾನ್‌ಫರ್ಡ್ ಆಟಗಾರರು ಮೈದಾನಕ್ಕೆ ನುಗ್ಗಿದ್ದಕ್ಕೆ 15 ಗಜ ದಂಡ ಬಿತ್ತು, ಹಾಗಾಗಿ 40 ಗಜದ ಗೆರೆಯಿಂದ ಮಾಡಬೇಕಿದ್ದ ಕಿಕ್‌ಆಫ್ 25ರಿಂದ ಮಾಡಿದ್ರು. ಹಾರ್ಮನ್ ಉದ್ದ ಒದೀದೆ ನೆಲಮಟ್ಟದಲ್ಲಿ ಪುಟಿಯೋ ಹಾಗೆ ಒದ್ದ. ಈ ಎರಡೂ ಸೇರಿಯೇ ಕೆವಿನ್ ಮೋಯೆನ್‌ಗೆ ಬಾಲ್ ಸಿಕ್ಕಿದ್ದು ಕ್ಯಾಲ್‌ನವರ ಗೋಲಿನ ಹತ್ತಿರ ಅಲ್ಲ, ಹೆಚ್ಚುಕಮ್ಮಿ ನಡುಮೈದಾನದ ಹತ್ತಿರ. ಓದುಗರಿಗೆ ಇದು ಓಟ ಶುರುವಾಗೋ ಮೊದಲೇ ಗೊತ್ತಿರಬೇಕು. ಕಾರಣ ಒಂದು ಕಡೆ, ಪರಿಣಾಮ ಇನ್ನೊಂದು ಕಡೆ ಬಿದ್ದಿದ್ರೆ ಎಷ್ಟು ಉಲ್ಲೇಖ ಹಾಕಿದ್ರೂ ಲೇಖನ ಗಟ್ಟಿಯಾಗಲ್ಲ.

ಬೇ ಏರಿಯಾ ಕನ್ನಡತಿ:
ಸರಿ ಸರ್. ಹಾಗಾದ್ರೆ ಕೊನೇ ಓಟದ ಪ್ಯಾರಾ ಹೊಸದಾಗಿ ಹೀಗೆ ಬರ್ದಿದೀನಿ, ನೋಡಿ:

"ಪುಟಿದು ಬಂದ ಚೆಂಡನ್ನು ಕೆವಿನ್ ಮೋಯೆನ್ ಹಿಡಿದು ರಿಚರ್ಡ್ ರಾಜರ್ಸ್‌ಗೆ ದಾಟಿಸಿದರು. ರಾಜರ್ಸ್ ಅದನ್ನು ಡ್ವೈಟ್ ಗಾರ್ನರ್‌ಗೆ ಕೊಟ್ಟರು. ಗಾರ್ನರ್ ನೇರವಾಗಿ ಕೆಲವು ಗಜ ಓಡುವಷ್ಟರಲ್ಲಿ ಸ್ಟ್ಯಾನ್‌ಫರ್ಡ್‌ನ ಹಲವು ಆಟಗಾರರು ಸುತ್ತುವರಿದು ಕೆಡವಲು ಹೊರಟರು. ಬೀಳುತ್ತಲೇ ಅವರು ಚೆಂಡನ್ನು ಮತ್ತೆ ರಾಜರ್ಸ್‌ಗೆ ಎಸೆದರು. ಇಷ್ಟರಲ್ಲಿ ಪಂದ್ಯ ಮುಗಿಯಿತೆಂದು ತಿಳಿದು ಸ್ಟ್ಯಾನ್‌ಫರ್ಡ್ ಬ್ಯಾಂಡ್ ಮೈದಾನಕ್ಕೆ ಬಂದಿತ್ತು. ರಾಜರ್ಸ್ ಬಲಬದಿಗೆ ಓಡಿ ಮೇರಿಯೆಟ್ ಫೋರ್ಡ್‌ಗೆ ಕೊಟ್ಟರು. ಫೋರ್ಡ್ ಎದುರಾಳಿಗಳಿಗೆ ಡಿಕ್ಕಿ ಹೊಡೆಯುವ ಮುನ್ನ ಹೆಗಲ ಮೇಲಿಂದ ಹಿಂದಕ್ಕೆ ಎಸೆದ ಚೆಂಡನ್ನು ಮೋಯೆನ್ ಹಿಡಿದು, ಬ್ಯಾಂಡ್‌ನವರ ನಡುವೆ ಓಡಿ ಎಂಡ್ ಝೋನ್ (ಗೋಲಿನ ಗೆರೆಯ ಆಚಿನ ಜಾಗ) ತಲುಪಿದರು. ಅಲ್ಲಿ ಅವರು ಟ್ರಾಂಬೋನ್ ವಾದಕ ಗ್ಯಾರಿ ಟಿರೆಲ್‌ಗೆ ಡಿಕ್ಕಿ ಹೊಡೆದರು."

ಸಾಗರದ ಮೇಷ್ಟ್ರು:
ಈಗ ಕಣ್ಣಿಗೆ ಕಟ್ಟತ್ತೆ. ಯಾರಿಂದ ಯಾರಿಗೆ ಅನ್ನೋದು ಬೆರಳಲ್ಲಿ ಎಣಿಸ್ತಾ ಓದಿದೆ, ಐದೂ ಸಿಕ್ಕಿತು. ಮೋಯೆನ್ ಕೈಯಿಂದ ಹೊರಟದ್ದು ಕೊನೆಗೆ ಮೋಯೆನ್ ಕೈಗೇ ಬಂತು ಅನ್ನೋದು ಮೊದಲ ಕರಡಲ್ಲಿ ತಿಳಿದಿರ್ಲಿಲ್ಲ ನನಗೆ.

ಹುಬ್ಬಳ್ಳಿ ಮಂದಿ:
"ಹಿಂದಕ್ಕೆ ಎಸೆದ" ಅಂತ ನೀವ ತೀರ್ಪು ಕೊಟ್ಟಬಿಟ್ರಲ್ರಿ! ಅದ ತಕರಾರು ಇರೋದು. ಫೋರ್ಡ್ ಎಸದದ್ದು ಮುಂದಕ್ಕ ಹೋಗೈತಿ ಅಂತ ಸ್ಟ್ಯಾನ್‌ಫರ್ಡ್ ಮಂದಿ ಇವತ್ತಿಗೂ ಹೇಳ್ತಾರ. "ಹೆಗಲ ಮೇಲಿಂದ ಎಸೆದ" ಅಂತ ಬರೀರಿ ಸಾಕು. ಮತ್ತ ಗಾರ್ನರ್ ವಿಷಯ, ನಾ ಆ ವಿಡಿಯೋ ನಿಧಾನ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡೀನಿ, ಮೊಣಕಾಲು ತಾಗೈತಿ ಅಂತ ನಂಗ ಖಾತ್ರಿ ಐತಿ. ಆ ಚಿತ್ರಾನ ಲೇಖನಕ್ಕ ಹಾಕಿ ಬಾಣದ ಗುರುತು ಮಾಡಿ ತೋರಸ್ರಿ.

ಹಳೇ ಸಂಪಾದಕ:
"ಹಿಂದಕ್ಕೆ" ತೆಗೆಯೋದು ಸರಿಯಾದ ಸಲಹೆ, ತೆಗೀರಿ. ಅದೇ ರೀತಿ "ಬೀಳುತ್ತಲೇ" ಅನ್ನೋದನ್ನೂ "ಸುತ್ತುವರಿದಿದ್ದಾಗಲೇ" ಅಂತ ಮಾಡಿ, ಬಿದ್ದರೋ ಇಲ್ಲವೋ ಅನ್ನೋದೇ ಪ್ರಶ್ನೆ ಇರುವಾಗ ಆ ಕ್ರಿಯಾಪದ ಬೇಡ.

ಬಾಣ ಮಾತ್ರ ಆಗಲ್ಲ ಸ್ವಾಮಿ. ನಾವು ವಿಡಿಯೋ ನಿಲ್ಲಿಸಿ ನೋಡಿ ತೀರ್ಮಾನ ಮಾಡಿದ್ರೆ ಅದು ಸ್ವಂತ ಸಂಶೋಧನೆ, ವಿಕಿಯಲ್ಲಿ ಅದಕ್ಕೆ ಜಾಗ ಇಲ್ಲ. ನೀವು ತಾಗಿದೆ ಅಂತ ನೋಡಿದ ಚಿತ್ರದಲ್ಲೇ ಇನ್ನೊಬ್ಬರು ತಾಗಿಲ್ಲ ಅಂತ ನೋಡ್ತಾರೆ, ಅಷ್ಟು ದೂರದ, ಮಸುಕಾದ ದೃಶ್ಯ ಅದು. ನಾವು ಬರೆಯಬಹುದಾದದ್ದು ಇದು: ಗಾರ್ನರ್ ಡೌನ್ ಆಗಿದ್ದರು ಅಂತ ಸ್ಟ್ಯಾನ್‌ಫರ್ಡ್ ಆಟಗಾರರು ಹೇಳಿದ್ರು, ಆಗಿರಲಿಲ್ಲ ಅಂತ ಗಾರ್ನರ್ ಹೇಳಿದ್ರು, ಮೈದಾನದಲ್ಲಿದ್ದ ಯಾವ ಅಧಿಕಾರಿಯೂ ವಿಸಿಲ್ ಊದಲಿಲ್ಲ. ಮೂರಕ್ಕೂ ಪತ್ರಿಕಾ ಉಲ್ಲೇಖ ಬೇಕು.

ಹುಬ್ಬಳ್ಳಿ ಮಂದಿ:
ಹಂಗಾದ್ರ ರೆಫ್ರೀ ಹೇಳಿದ್ದ ಅಂತಿಮ ಅನ್ನೋ ಹಂಗ ಆತಲ್ರಿ.

ಹಳೇ ಸಂಪಾದಕ:
ಫಲಿತಾಂಶದ ಮಟ್ಟಿಗೆ ಹೌದು, ಅಂತಿಮವೇ. ರೆಫ್ರೀ ಚಾರ್ಲ್ಸ್ ಮೊಫೆಟ್ ತಕ್ಷಣ ಟಚ್‌ಡೌನ್ ಕೊಡಲಿಲ್ಲ. ಜೊತೆಗಿದ್ದ ಅಧಿಕಾರಿಗಳನ್ನ ಸೇರಿಸ್ಕೊಂಡು, ಯಾರಾದ್ರೂ ವಿಸಿಲ್ ಊದಿದ್ರಾ, ಲ್ಯಾಟರಲ್‌ಗಳು ಸರಿ ಇದ್ವಾ ಅಂತ ಕೇಳಿ, ಆಮೇಲೆ ಟಚ್‌ಡೌನ್ ಅಂತ ಕೈ ಎತ್ತಿದ್ರು. ಆಗ ವಿಡಿಯೋ ರಿವ್ಯೂ ಅನ್ನೋದೇ ಕಾಲೇಜ್ ಫುಟ್‌ಬಾಲಲ್ಲಿ ಇರ್ಲಿಲ್ಲ, 2004ರಲ್ಲಿ ಬಿಗ್ ಟೆನ್ ಅನ್ನೋ ಕಾಲೇಜುಗಳ ಒಕ್ಕೂಟ ಪ್ರಯೋಗ ಮಾಡಿದ್ಮೇಲೇ ಬಂದಿದ್ದು. ಇದನ್ನ ಒಂದು ವಾಕ್ಯ ಸೇರಿಸಿ. ಇವತ್ತಿನ ಓದುಗರಿಗೆ ಮೊದಲು ಹುಟ್ಟೋ ಪ್ರಶ್ನೆನೇ "ಟಿವಿಲಿ ನೋಡಿ ಹೇಳಬಹುದಿತ್ತಲ್ಲ" ಅನ್ನೋದು.

ಆದ್ರೆ ಫಲಿತಾಂಶ ಅಂತಿಮ ಅಂದ ಮಾತ್ರಕ್ಕೆ ವಿವಾದ ಇಲ್ಲ ಅಂತಲ್ಲ. ಈಗ ಲೇಖನದಲ್ಲಿ "ಕೆಲವರು ಆಕ್ಷೇಪಿಸಿದರು" ಅಂತ ಒಂದೇ ಸಾಲಿದೆ. ಅದು ಸಾಲದು, ಅಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಯಾರು, ಯಾವ ಲ್ಯಾಟರಲ್ ಬಗ್ಗೆ, ಏನು ಅಂತ ಬಿಡಿಸಿ ಬರೀಬೇಕು. ಮೂರನೇದು ಮತ್ತು ಐದನೇದು, ಎರಡಕ್ಕೂ ಬೇರೆ ಬೇರೆ ಪ್ಯಾರಾ ಕೊಡಿ.

ಸಾಗರದ ಮೇಷ್ಟ್ರು:
ಐದನೇದರ ಬಗ್ಗೆ ನನಗೊಂದು ಸಂಶಯ. ಜೋರಾಗಿ ಓಡ್ತಿರೋನು ಹಿಂದಕ್ಕೆ ಎಸೆದ್ರೂ ಅವನ ಓಟದ ವೇಗಕ್ಕೆ ಬಾಲ್ ಮುಂದಕ್ಕೇ ಸಾಗಬಹುದಲ್ಲ? ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದೋನು, ಅದಕ್ಕೆ ಕೇಳ್ತಿದೀನಿ. ಕೈ ಹಿಂದಕ್ಕೆ ಬೀಸಿದ್ದು ಲೆಕ್ಕವೋ, ಬಾಲ್ ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದು ಲೆಕ್ಕವೋ?

ಬೇ ಏರಿಯಾ ಕನ್ನಡತಿ:
ಮೇಷ್ಟ್ರೇ ಎಂಥ ಒಳ್ಳೇ ಪ್ರಶ್ನೆ! ಕಾಲೇಜ್ ನಿಯಮದಲ್ಲಿ ಲೆಕ್ಕ ಮೈದಾನದ್ದು. ಬಾಲ್ ಕೈಬಿಟ್ಟ ಜಾಗ ಯಾವುದು, ಅದು ಮೊದಲು ನೆಲಕ್ಕೋ ಆಟಗಾರನಿಗೋ ತಾಗಿದ ಜಾಗ ಯಾವುದು, ಎರಡನೇದು ಮುಂದಿದ್ರೆ ಅದು ಮುಂದಿನ ಪಾಸ್. ಕೈ ಯಾವ ಕಡೆ ಬೀಸಿತು ಅನ್ನೋದು ಮುಖ್ಯ ಅಲ್ಲ. ಹಾಗಾಗಿ ಫೋರ್ಡ್ ಹಿಂದೆ ನೋಡದೆ ಹೆಗಲ ಮೇಲಿಂದ ಎಸೆದದ್ದು ಕಣ್ಣಿಗೆ ಎಷ್ಟೇ ಹಿಂದಕ್ಕೆ ಅಂತ ಕಂಡ್ರೂ ಜಗಳ ನಿಲ್ಲಲ್ಲ, ಮೋಯೆನ್ ಹಿಡಿದ ಜಾಗ ಯಾವುದು ಅನ್ನೋದೇ ಪ್ರಶ್ನೆ. ಈ ವಿವರಣೆ ಐದನೇ ಲ್ಯಾಟರಲ್ ಪ್ಯಾರಾದ ಮೊದಲಲ್ಲೇ ಇಡ್ತೀನಿ.

ಹುಬ್ಬಳ್ಳಿ ಮಂದಿ:
ಇದು ಛಲೋ ಆತು. ಹಿಂಗ ಬರದ್ರ ನಂದೇನೂ ತಕರಾರಿಲ್ಲ, ಓದಿದವರು ತಾವ ವಿಚಾರ ಮಾಡ್ತಾರ. ಆದ್ರ ಗಾರ್ನರ್ ಪ್ಯಾರಾ ಮೊದಲು ಬರಲಿ, ಅದ ದೊಡ್ಡ ತಕರಾರು.

ಬ್ಯಾಂಡಿನ ಬಗ್ಗೆ ಒಂದ್ ಮಾತು. ಎಲ್ಲಾರೂ ಬ್ಯಾಂಡ್ ಹುಡುಗ್ರನ್ನ ನೋಡಿ ನಗ್ತಾರ, ನಿಮ್ಮ ಲೇಖನದಾಗೂ "ಮೂರ್ಖತನದಿಂದ" ಅಂತ ಬಂದೈತಿ. ಅದನ್ನ ತಗೀರಿ ದಯವಿಟ್ಟು. ಗಾರ್ನರ್ ಬಿದ್ದಂಗ ಕಂಡೈತಿ, ಸಮಯ ಮುಗದೈತಿ, ಆಟಗಾರರೂ ಒಳಗ ಬಂದಾರ, ಪಾಪ ಅವರೂ ಬಂದ್ರು. ಸೋತವರನ್ನ ನಮ್ಮ ಮಾತಿನಾಗ ಸಣ್ಣವರನ್ನ ಮಾಡಬಾರದು.

ಬೇ ಏರಿಯಾ ಕನ್ನಡತಿ:
ತೆಗೆದೆ ಅಣ್ಣ, ಈಗ್ಲೇ. ಟಿರೆಲ್ ಅವರ ಜಜ್ಜಿಹೋದ ಟ್ರಾಂಬೋನ್ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದ್ದನ್ನ ಮಾತ್ರ ಉಳಿಸ್ಕೋತೀನಿ, ಅದು ಗೌರವದ ವಿಷಯನೇ.

ಚಿತ್ರದ ಬಗ್ಗೆ ಯಾರಾದ್ರೂ ಹೇಳಿ. ಮೋಯೆನ್ ಬಾಲ್ ಎತ್ತಿ ಹಿಡಿದು ಬ್ಯಾಂಡ್ ಮಧ್ಯೆ ಹಾರಿರೋ ಆ ಪ್ರಸಿದ್ಧ ಫೋಟೋ ಹಾಕಬಹುದಾ?

ಹಳೇ ಸಂಪಾದಕ:
ಬೇಡ, ಅದು ಪತ್ರಿಕಾ ಛಾಯಾಗ್ರಾಹಕರು ತೆಗೆದದ್ದು, ಹಕ್ಕು ಅವರದು, ವಿಕಿಯ ಮುಕ್ತ ಚಿತ್ರಭಂಡಾರ ಕಾಮನ್ಸ್‌ಗೆ ಏರಿಸೋ ಹಾಗಿಲ್ಲ. ಮೆಮೋರಿಯಲ್ ಸ್ಟೇಡಿಯಂನ ಮುಕ್ತ ಪರವಾನಗಿಯ ಚಿತ್ರ ಹಾಕಿ. ನೀವು ಹತ್ತಿರದಲ್ಲೇ ಇರೋದ್ರಿಂದ ನೀವೇ ಒಂದು ತೆಗೆದು ಏರಿಸಿದ್ರೆ ಇನ್ನೂ ಒಳ್ಳೇದು. ಸ್ಟೇಡಿಯಂ 1923ರದ್ದು, ಹೇವರ್ಡ್ ಭೂಬಿರುಕಿನ ಮೇಲೇ ಇದೆ ಅಂತೆಲ್ಲ ಅರ್ಧ ಪುಟ ಬರ್ದಿದೀರಿ, ಓದೋಕೆ ಖುಷಿ ಆಯ್ತು, ಆದ್ರೆ ಅದು ಸ್ಟೇಡಿಯಂನ ಲೇಖನಕ್ಕೆ ಹೋಗಲಿ. ಹಾಗೇ ಎರಡೂ ಕಾಲೇಜು 1906ರಲ್ಲಿ ಫುಟ್‌ಬಾಲ್ ಬಿಟ್ಟು ಕೆಲವು ವರ್ಷ ರಗ್ಬಿ ಆಡಿದ್ದು ಕೂಡ ಇಲ್ಲಿ ಬೇಡ. ಬರೀ ಲ್ಯಾಟರಲ್ ರಗ್ಬಿ ಥರ ಕಾಣತ್ತೆ ಅಂತ ಅದನ್ನ ತಂದ್ರೆ, ಆ ಇತಿಹಾಸದಿಂದಲೇ ಈ ಓಟ ಹುಟ್ಟಿತು ಅನ್ನೋ ಅರ್ಥ ಬರತ್ತೆ.

ಕ್ಯಾಲ್ ಕೋಚ್ ಜೋ ಕ್ಯಾಪ್‌ಗೆ ಇದು ಮೊದಲ ವರ್ಷ, ಅವರೇ ಕ್ಯಾಲ್‌ನ ಹಳೇ ಕ್ವಾರ್ಟರ್‌ಬ್ಯಾಕ್, 1959ರ ರೋಸ್ ಬೌಲ್‌ಗೆ ತಂಡ ಕರ್ಕೊಂಡು ಹೋದವರು, ಅದು ಇರ್ಲಿ.

ಇನ್ನೊಂದು ಬಹಳ ಮುಖ್ಯ. ಉಲ್ಲೇಖಗಳಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಪತ್ರಿಕೆ ಡೈಲಿ ಕ್ಯಾಲಿಫೋರ್ನಿಯನ್‌ನ ಒಂದು ವಿಶೇಷ ಸಂಚಿಕೆ ಇದೆ, ಎನ್‌ಸಿಎಎ (ಕಾಲೇಜ್ ಕ್ರೀಡೆಗಳ ಆಡಳಿತ ಸಂಸ್ಥೆ) ಗೆಲುವನ್ನ ಸ್ಟ್ಯಾನ್‌ಫರ್ಡ್‌ಗೆ ಕೊಟ್ಟಿತು ಅಂತ ಶೀರ್ಷಿಕೆ ಇರೋದು. ಅದು ಅಸಲಿ ಪತ್ರಿಕೆ ಅಲ್ಲ. ಪಂದ್ಯ ಆದ ನಾಲ್ಕು ದಿನಕ್ಕೆ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿ ಪತ್ರಿಕೆಯವರು ಅದೇ ವಿನ್ಯಾಸದಲ್ಲಿ ಅಚ್ಚು ಹಾಕಿ ಬರ್ಕ್ಲಿ ಕ್ಯಾಂಪಸ್ಸಲ್ಲಿ ಹಂಚಿದ ನಕಲಿ ಸಂಚಿಕೆ. ಒಳಗಿನ ಹೇಳಿಕೆಗಳೆಲ್ಲ ಕಟ್ಟಿದ್ದು. ಆ ಘಟನೆ ಬಗ್ಗೆ ಲೇಖನದಲ್ಲಿ ಖಂಡಿತ ಬರೀರಿ, ಆದ್ರೆ ಅದನ್ನ ಮೂಲ ಅಂತ ಯಾವ ವಾಕ್ಯಕ್ಕೂ ಕೊಡಬೇಡಿ, ಅದರಿಂದ ಬಂದಿರೋ ಹೇಳಿಕೆಗಳನ್ನೆಲ್ಲ ಹುಡುಕಿ ತೆಗೀರಿ.

ಬೇ ಏರಿಯಾ ಕನ್ನಡತಿ:
ಅದರಿಂದ ಬಂದಿದ್ದು ಒಂದೇ ಒಂದು ಹೇಳಿಕೆ, ತೆಗೆದಿದೀನಿ. ಈಗ 'ನಂತರದ ಪರಿಣಾಮ' ವಿಭಾಗದಲ್ಲಿ ನಕಲಿ ಸಂಚಿಕೆ ಅಂತ ಸ್ಪಷ್ಟವಾಗಿ ಹೇಳಿ ಒಂದು ಪ್ಯಾರಾ ಇದೆ.

ಉಳಿದಿದ್ದು ಸ್ಕೋರ್. ಮಾಹಿತಿಚೌಕದಲ್ಲಿ ಕ್ಯಾಲ್ 25, ಸ್ಟ್ಯಾನ್‌ಫರ್ಡ್ 20 ಅಂತ ಹಾಕಿದೀನಿ. ಆದ್ರೆ ಗೆದ್ದವರಿಗೆ ಕೊಡೋ 'ಸ್ಟ್ಯಾನ್‌ಫರ್ಡ್ ಆಕ್ಸ್' ಅನ್ನೋ ಕೊಡಲಿ ಟ್ರೋಫಿ ಇದೆಯಲ್ಲ, ಅದರ ಫಲಕದಲ್ಲಿ ಎಲ್ಲಾ ವರ್ಷದ ಸ್ಕೋರ್ ಇರತ್ತೆ, ಟ್ರೋಫಿ ಸ್ಟ್ಯಾನ್‌ಫರ್ಡ್ ಕೈಗೆ ಬಂದಾಗ ಅವರು 1982ರದ್ದನ್ನ 20-19 ಅಂತ ಬದಲಾಯಿಸ್ತಾರೆ, ಕ್ಯಾಲ್ ಗೆದ್ದಾಗ ಮತ್ತೆ 25-20 ಆಗತ್ತೆ. ಇದು ಎಲ್ಲಿ ಬರಬೇಕು?

ಹುಬ್ಬಳ್ಳಿ ಮಂದಿ:
ಚೌಕದಾಗ 25-20 ಇರ್ಲಿ, ಅಧಿಕೃತ ಅದ ಐತಿ, ಅದಕ್ಕ ನಾ ಜಗಳಾ ತಗಿಯೂದಿಲ್ಲ. ಫಲಕದ ವಿಷಯ ವಿವಾದದ ಭಾಗದ ಕೊನಿಗೆ ಹಾಕ್ರಿ, ನಂತರದ ಪರಿಣಾಮದಾಗ ಅಲ್ಲ. ಯಾಕಂದ್ರ ಆ ಮಂದಿಗೆ ಅದು ಮುಗದ ವಿಷಯ ಅಲ್ಲ.

ಹಳೇ ಸಂಪಾದಕ:
ಒಪ್ಪಿದೆ, ಅಲ್ಲೇ ಇರ್ಲಿ. ಮಾಹಿತಿಚೌಕದ ಟೆಂಪ್ಲೇಟಲ್ಲಿ ಕ್ವಾರ್ಟರ್‌ವಾರು ಸ್ಕೋರ್ ಹಾಕೋ ಸಾಲು ಕೆಲಸ ಮಾಡ್ತಿಲ್ಲ, ಅದನ್ನ ಇವತ್ತು ರಾತ್ರಿ ನಾನು ಸರಿ ಮಾಡ್ತೀನಿ. ಮೇಷ್ಟ್ರೇ, ನೀವು ಹೊಸ ಕರಡನ್ನ ಮೊದಲಿಂದ ಇನ್ನೊಂದ್ಸಲ ಓದಿ, ಎಲ್ಲಾದ್ರೂ ನಿಲ್ಲಬೇಕಾದ್ರೆ ಆ ಸಾಲು ಇಲ್ಲಿ ಹಾಕಿ.

ಸಾಗರದ ಮೇಷ್ಟ್ರು:
ಓದ್ತೀನಿ. ಒಂದು ಈಗ್ಲೇ ಸಿಕ್ಕಿತು: 25 ಹೇಗಾಯ್ತು? 19ಕ್ಕೆ ಟಚ್‌ಡೌನ್‌ನ 6 ಸೇರಿ 25, ಆದ್ರೆ ಮೇಲೆ ನಿಯಮದಲ್ಲಿ ಟಚ್‌ಡೌನ್ ಆದ್ಮೇಲೆ ಇನ್ನೊಂದು ಅಂಕಕ್ಕೆ ಒದೀತಾರೆ ಅಂತಿದೆ. ಅದನ್ನ ಒದೀಲೇ ಇಲ್ಲ ಅಂತಾದ್ರೆ ಅಲ್ಲೊಂದು ಮಾತು ಸೇರಿಸು ತಂಗೀ.

ಬೇ ಏರಿಯಾ ಕನ್ನಡತಿ:
ಒದೀಲಿಲ್ಲ ಮೇಷ್ಟ್ರೇ, ಆ ಓಟದೊಂದಿಗೇ ಪಂದ್ಯ ಮುಗೀತು. ಸೇರಿಸಿದೆ, ಟಚ್‌ಡೌನ್ ವಾಕ್ಯದ ಪಕ್ಕದಲ್ಲೇ ಇದೆ ನೋಡಿ.